ಹುಡುಗರ ಕೈಗೆ ಗೆರೆ ಕೊಟ್ಟ ಫ್ಲಿಕ್

2024ರ ಅಕ್ಟೋಬರ್ 26ರ ಶನಿವಾರ. ಸ್ಪೇನ್‌ನಲ್ಲಿ ರಾತ್ರಿ ಒಂಬತ್ತು, ನಮ್ಮಲ್ಲಿ ಹನ್ನೆರಡೂವರೆ. ನಿದ್ದೆಗೆಟ್ಟು ಫುಟ್‌ಬಾಲ್ ನೋಡುತ್ತಾ ಕೂತವರಿಗೆ ಒಂದು ವಿಚಿತ್ರ ಕಾಣಿಸಿತು. ಮ್ಯಾಡ್ರಿಡ್‌ನ ಬರ್ನಬ್ಯೂ ಮೈದಾನದಲ್ಲಿ ರಿಯಲ್ ಮ್ಯಾಡ್ರಿಡ್‌ನ ಕಿಲಿಯನ್ ಎಂಬಾಪೆ ಓಡುತ್ತಾನೆ, ಅವನ ಮುಂದೆ ಅರ್ಧ ಮೈದಾನ ಖಾಲಿ. ಚೆಂಡು ಬಲೆ ಸೇರುತ್ತದೆ, ಎಂಬತ್ತು ಸಾವಿರ ಜನ ಕಿರುಚುತ್ತಾರೆ. ಆಮೇಲೆ ರೆಫರಿ ಕಿವಿಗೆ ಕೈ ಇಟ್ಟುಕೊಳ್ಳುತ್ತಾರೆ. ಆಫ್‌ಸೈಡ್. ಗೋಲು ರದ್ದು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಓಟ, ಮತ್ತೆ ಅದೇ ಬಾವುಟ.

ಆ ರಾತ್ರಿ ರಿಯಲ್ ಮ್ಯಾಡ್ರಿಡ್ 12 ಸಲ ಆಫ್‌ಸೈಡ್ ಆಯಿತು. ಎಂಬಾಪೆ ಒಬ್ಬನೇ 8 ಸಲ. ಬಾರ್ಸಿಲೋನಾ 4-0 ಅಂತರದಲ್ಲಿ ಗೆದ್ದಿತು. ಎದುರಾಳಿಯ ಓಟಕ್ಕೆ ಬಲೆ ಹಾಕಿ ನಿಂತ ಸಾಲಿನಲ್ಲಿ ಪಾವ್ ಕುಬಾರ್ಸಿ ಎಂಬ 17ರ ಹುಡುಗನಿದ್ದ. ಎಡಗಡೆ 21ರ ಅಲೆಹಾಂಡ್ರೊ ಬಾಲ್ಡೆ. ಅವರ ಮುಂದೆ ಮಿಡ್‌ಫೀಲ್ಡ್‌ನಲ್ಲಿ ಇನ್ನೊಬ್ಬ 21ರ ಹುಡುಗ ಮಾರ್ಕ್ ಕಸಾಡೊ. ಬಲ ತುದಿಯಲ್ಲಿ 17ರ ಲಾಮಿನ್ ಯಮಾಲ್. ಆಡಲು ಇಳಿದ ಹನ್ನೊಂದರಲ್ಲಿ ಆರು ಮಂದಿ ಕ್ಲಬ್‌ನ ಸ್ವಂತ ಅಕಾಡೆಮಿ ಲಾ ಮಾಸಿಯಾದಿಂದ ಬಂದವರು.

ಇಂಥ ಎಳೆಯ ತಂಡ ಸಿಕ್ಕರೆ ಸಾಮಾನ್ಯವಾಗಿ ಕೋಚ್‌ಗಳು ಏನು ಮಾಡುತ್ತಾರೆ? ಹಿಂದೆ ಸರಿದು ಆಡಿಸುತ್ತಾರೆ. ಗೋಲಿನ ಹತ್ತಿರ ಜನ ಜಾಸ್ತಿ ಇಡುತ್ತಾರೆ. ಹುಡುಗರು ತಪ್ಪು ಮಾಡಿದರೂ ಮುಚ್ಚಿಕೊಳ್ಳಲು ಇನ್ನೊಬ್ಬ ಇರಲಿ ಅಂತ. ಬಾರ್ಸಿಲೋನಾದ ಕೋಚ್ ಹಾನ್ಸಿ ಫ್ಲಿಕ್ ಇದಕ್ಕೆ ಉಲ್ಟಾ ಹೋದರು. ಡಿಫೆಂಡರ್‌ಗಳನ್ನು ಸೆಂಟರ್ ಲೈನ್ ಹತ್ತಿರಕ್ಕೆ ತಂದು ನಿಲ್ಲಿಸಿ, ಬೆನ್ನ ಹಿಂದೆ ನಲವತ್ತು ಮೀಟರ್ ಬಯಲು ಬಿಟ್ಟರು. ಹುಚ್ಚು ಅಂತ ಅನ್ನಿಸೋದು ಸಹಜ. ಆದರೆ ಹತ್ತಿರದಿಂದ ನೋಡಿದರೆ, ಈ ಆಟ ಹುಡುಗರಿಗೆ ಹೊಂದುವಷ್ಟು ಹಿರಿಯರಿಗೆ ಹೊಂದುವುದಿಲ್ಲ ಅನ್ನಿಸುತ್ತದೆ.

ಹೇಗೆ ಅಂತ ಅರ್ಥ ಮಾಡಿಕೊಳ್ಳಲು ಕಬಡ್ಡಿ ನೆನೆಸಿಕೊಳ್ಳಿ. ಡಿಫೆಂಡರ್‌ಗಳು ಕೈ ಕೈ ಹಿಡಿದು ಸರಪಳಿ ಕಟ್ಟುತ್ತಾರಲ್ಲ, ಅಲ್ಲಿ ಒಬ್ಬೊಬ್ಬರ ತಾಕತ್ತಿಗಿಂತ ಹೊತ್ತು ಮುಖ್ಯ. ಇಬ್ಬರೂ ಒಂದೇ ಕ್ಷಣಕ್ಕೆ ನುಗ್ಗಬೇಕು. ಒಬ್ಬ ನುಗ್ಗಿ ಇನ್ನೊಬ್ಬ ನಿಂತುಬಿಟ್ಟರೆ ರೈಡರ್ ಆ ಸಂದಿಯಲ್ಲೇ ಜಾರಿಕೊಳ್ಳುತ್ತಾನೆ. ಫ್ಲಿಕ್ ಅವರ ನಾಲ್ವರ ಸಾಲೂ ಇಂಥದ್ದೇ ಸರಪಳಿ. ಕೈ ಹಿಡಿದಿರುವುದಿಲ್ಲ, ಅಷ್ಟೇ.

ಆಫ್‌ಸೈಡ್ ನಿಯಮದ ಗುಟ್ಟು ಇರುವುದು ಒಂದೇ ಮಾತಲ್ಲಿ: ಪಾಸ್ ಕೊಡುವವನ ಕಾಲಿಂದ ಚೆಂಡು ಹೊರಡುವ ಕ್ಷಣದಲ್ಲಿ ಮುಂದಿನ ಆಟಗಾರ ಎಲ್ಲಿದ್ದ? ಎದುರಾಳಿ ಡಿಫೆಂಡರ್‌ಗಳ ಸಾಲು ದಾಟಿ ನಿಂತಿದ್ದರೆ ಆಫ್‌ಸೈಡ್. ಆಮೇಲೆ ಅವನು ಎಷ್ಟು ವೇಗವಾಗಿ ಓಡಿದ ಅನ್ನುವುದು ಲೆಕ್ಕಕ್ಕೇ ಇಲ್ಲ. ಹಾಗಾಗಿ ಎಂಬಾಪೆಯನ್ನು ಓಟದಲ್ಲಿ ಸೋಲಿಸಬೇಕಾಗಿಲ್ಲ. ಚೆಂಡು ಹೊರಡುವ ಅರ್ಧ ಸೆಕೆಂಡ್ ಮೊದಲು ನಾಲ್ವರೂ ಒಂದು ಹೆಜ್ಜೆ ಮುಂದೆ ಇಟ್ಟರೆ ಸಾಕು, ಅವನು ತಾನಾಗಿಯೇ ಸಾಲಿನ ಹಿಂದೆ ಉಳಿದುಬಿಡುತ್ತಾನೆ. ಜಗತ್ತಿನ ಅತಿ ವೇಗದ ಕಾಲುಗಳಿಗೆ ಒಂದು ಹೆಜ್ಜೆಯ ಉತ್ತರ.

ಆದರೆ ಆ ಹೆಜ್ಜೆ ಯಾವಾಗ ಇಡಬೇಕು? ಎದುರಾಳಿ ಹಿಂದಕ್ಕೆ ಪಾಸ್ ಕೊಟ್ಟಾಗ. ಚೆಂಡು ಹಿಡಿದವನು ತಲೆ ತಗ್ಗಿಸಿದಾಗ. ಅವನ ಮೈಮೇಲೆ ನಮ್ಮವನೊಬ್ಬ ಬಿದ್ದಿದ್ದಾಗ. ಅಂದರೆ ಹಿಂದಿನ ನಾಲ್ವರ ಭವಿಷ್ಯ ಬರೆಯುವುದು ಮುಂದಿನ ಆರು ಮಂದಿ. ರಫಿನ್ಯಾ, ಪೆದ್ರಿ, ಫೆರ್ಮಿನ್ ಲೋಪೆಜ್ ಇವರೆಲ್ಲ ಚೆಂಡು ಕಳೆದುಕೊಂಡ ಕೂಡಲೇ ಎದುರಾಳಿಗೆ ತಲೆ ಎತ್ತಲು ಬಿಡದಂತೆ ಮುಗಿಬೀಳಬೇಕು. ತಲೆ ಎತ್ತಿ ನೋಡಿ, ಅಳೆದು, ಪಾಸ್ ಕೊಡಲು ಎರಡು ಸೆಕೆಂಡ್ ಸಿಕ್ಕಿತೋ, ಮುಗಿಯಿತು. ಆಗ ಈ ಸಾಲು ಬೇಲಿ ಇಲ್ಲದ ಹೊಲ.

ಇದರಲ್ಲಿ ತಂತ್ರಜ್ಞಾನದ ಪಾಲೂ ಇದೆ, ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಸ್ಪೇನ್‌ನ ಲೀಗ್ ಲಾ ಲಿಗಾಕ್ಕೆ ಅರೆ-ಸ್ವಯಂಚಾಲಿತ ಆಫ್‌ಸೈಡ್ ವ್ಯವಸ್ಥೆ ಬಂದದ್ದು 2024-25ರ ಋತುವಿನಲ್ಲಿ. ಫ್ಲಿಕ್ ಬಂದದ್ದೂ ಅದೇ ಋತುವಿಗೆ. ವಿಡಿಯೊ ರೆಫರಿ ಬರುವ ಮೊದಲೆಲ್ಲ ಮೊಣಕಾಲಿನಷ್ಟು ಮುಂದಿದ್ದವನನ್ನು ಲೈನ್ಸ್‌ಮನ್ ಬರಿಗಣ್ಣಲ್ಲಿ ಹಿಡಿಯಬೇಕಿತ್ತು. ತಪ್ಪಿದರೆ ಗೋಲು. ಆಮೇಲೆ ವಿಡಿಯೊ ಮೇಲೆ ಕೈಯಾರೆ ಗೆರೆ ಎಳೆದು ನೋಡುತ್ತಿದ್ದರು. ಈಗ ಕ್ಯಾಮೆರಾಗಳೇ ಹಿಡಿಯುತ್ತವೆ. ಕೂದಲೆಳೆಯ ಅಂತರದ ಮೇಲೆ ಜೂಜಾಡುವ ಕೋಚ್‌ಗೆ ಇದಕ್ಕಿಂತ ಒಳ್ಳೆ ಕಾಲ ಬೇಕಾ?

ಫ್ಲಿಕ್ ಅವರಿಗೆ ಈ ಆಟ ಹೊಸದಲ್ಲ. 2020ರ ಆಗಸ್ಟ್ 14ರಂದು ಲಿಸ್ಬನ್‌ನಲ್ಲಿ ಅವರ ಬಯರ್ನ್ ಮ್ಯೂನಿಕ್ ತಂಡ ಇದೇ ಬಾರ್ಸಿಲೋನಾವನ್ನು 8-2ರಿಂದ ಚಚ್ಚಿ ಹಾಕಿತ್ತು. ಅವತ್ತು ಬಾರ್ಸಿಲೋನಾದ ಹನ್ನೊಂದರಲ್ಲಿ ಆರು ಜನ ಮೂವತ್ತು ದಾಟಿದವರು. ಮೆಸ್ಸಿ, ಸುವಾರೆಜ್, ಪಿಕೆ, ವಿದಾಲ್ ನಾಲ್ವರಿಗೂ 33. ಆ ಕಡೆ ಬಯರ್ನ್‌ನ ಎಡ ಬದಿಯಲ್ಲಿ 19ರ ಆಲ್ಫಾನ್ಸೊ ಡೇವಿಸ್. ಅವನು ಸೆಮೆಡೊನನ್ನು ನಿಂತಲ್ಲೇ ಗಿರಗಿರ ತಿರುಗಿಸಿ ಕಿಮಿಚ್‌ಗೆ ಚೆಂಡು ಕೊಟ್ಟ ಓಟವನ್ನು ನೋಡಿದವರು ಮರೆಯಲಿಕ್ಕಿಲ್ಲ. ಜಮಾಲ್ ಮುಸಿಯಾಲಾಗೆ 17ರಲ್ಲಿ ಮೊದಲ ಪಂದ್ಯ ಆಡಿಸಿದ್ದೂ ಫ್ಲಿಕ್ ಅವರೇ. ಹುಡುಗರನ್ನು ನಂಬುವುದು ಅವರಿಗೆ ಬಾರ್ಸಿಲೋನಾದಲ್ಲಿ ಅಂಟಿದ ಚಟ ಅಲ್ಲ.

ಇದೇ ಫ್ಲಿಕ್ ಜರ್ಮನಿ ರಾಷ್ಟ್ರೀಯ ತಂಡದಲ್ಲಿ ಮಣ್ಣು ಮುಕ್ಕಿದರು ಅನ್ನುವುದನ್ನೂ ಹೇಳಬೇಕು. 2022ರ ವಿಶ್ವಕಪ್‌ನಲ್ಲಿ ಗುಂಪು ಹಂತದಲ್ಲೇ ಗಂಟುಮೂಟೆ. 2023ರ ಸೆಪ್ಟೆಂಬರ್‌ನಲ್ಲಿ ತವರಿನಲ್ಲಿ ಜಪಾನ್ ಎದುರು 1-4 ಸೋಲು, ಮರುದಿನವೇ ಕೆಲಸದಿಂದ ವಜಾ. ಜರ್ಮನಿ ತನ್ನ ಕೋಚನ್ನು ಹಾಗೆ ತೆಗೆದದ್ದು ಅದೇ ಮೊದಲು. ನನ್ನ ಲೆಕ್ಕದಲ್ಲಿ ಕಾರಣ ಸರಳ. ರಾಷ್ಟ್ರೀಯ ತಂಡಕ್ಕೆ ಆಟಗಾರರು ಸಿಗುವುದು ಆಗೊಮ್ಮೆ ಈಗೊಮ್ಮೆ, ಕೆಲವು ದಿನ. ಸರಪಳಿ ಹಾಗೆ ಬೆಸೆಯುವುದಿಲ್ಲ. ಅದಕ್ಕೆ ದಿನಾ ಒಂದೇ ಹೆಜ್ಜೆ, ಒಂದೇ ಹೆಜ್ಜೆ ಅಂತ ಬೇಸರವಾಗುವಷ್ಟು ಅಭ್ಯಾಸ ಬೇಕು.

ಆ ಬೇಸರಕ್ಕೆ ಒಗ್ಗುವವರು ಯಾರು? ಹುಡುಗರು. ಹತ್ತು ವರ್ಷ ಬೇರೆ ಬೇರೆ ಕೋಚ್‌ಗಳ ಕೈಯಲ್ಲಿ ಆಡಿದ ಡಿಫೆಂಡರ್‌ಗೆ ತನ್ನದೇ ಅಂದಾಜು ಇರುತ್ತದೆ. ಅಪಾಯ ಕಂಡರೆ ಅವನ ಕಾಲು ತಾನಾಗಿ ಹಿಂದಕ್ಕೆ ಹೋಗುತ್ತದೆ. ಬದುಕಿ ಉಳಿದ ಅನುಭವ ಅದು, ತಪ್ಪು ಅನ್ನೋಕೆ ಆಗಲ್ಲ. ಹದಿನೇಳರ ಹುಡುಗನಿಗೆ ಆ ಅನುಭವವೇ ಇಲ್ಲ. ಮುಂದೆ ಹೋಗು ಅಂದರೆ ಹೋಗುತ್ತಾನೆ. ಭಯ ಕಲಿಯುವ ಮೊದಲೇ ಗೆರೆ ಕಲಿತುಬಿಡುತ್ತಾನೆ. ಅದರ ಮೇಲೆ, ಲಾ ಮಾಸಿಯಾದಲ್ಲಿ ಬೆಳೆದವರಿಗೆ ಒಟ್ಟಾಗಿ ಚಲಿಸುವುದು ಚಿಕ್ಕಂದಿನ ಪಾಠ. ಮಿಡ್‌ಫೀಲ್ಡ್‌ನಲ್ಲಿ ಕಸಾಡೊ ಎಲ್ಲಿ ನಿಲ್ಲುತ್ತಾನೆ ಅಂತ ಬಾಲ್ಡೆಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಒಂದು ನ್ಯಾಯದ ಮಾತು. ಯಮಾಲ್‌ಗೆ 15ರಲ್ಲಿ, ಕುಬಾರ್ಸಿಗೆ 16ರಲ್ಲಿ ಮೊದಲ ಅವಕಾಶ ಕೊಟ್ಟದ್ದು ಹಿಂದಿನ ಕೋಚ್ ಶಾವಿ. ಫೆರ್ಮಿನ್ ಲೋಪೆಜ್ ಕೂಡ ಅವರ ಕಾಲದವನೇ. ಅವಕಾಶ ಸಿಗುವ ಹಿಂದಿನ ವರ್ಷ ಅವನು ಲಿನಾರೆಸ್ ಎಂಬ ಕೆಳ ಹಂತದ ಕ್ಲಬ್‌ನಲ್ಲಿ ಎರವಲು ಆಟಗಾರನಾಗಿ ಆಡುತ್ತಿದ್ದ. ಬಿತ್ತಿದವರು ಶಾವಿ, ಕಟಾವಿಗೆ ಬಂದವರು ಫ್ಲಿಕ್ ಅಂದರೆ ಪೂರ್ತಿ ಸುಳ್ಳಲ್ಲ. ಆದರೆ ಶಾವಿ ಕಾಲದಲ್ಲಿ ಚೆಂಡು ನಿಧಾನಕ್ಕೆ ಅಡ್ಡಡ್ಡ ಓಡಾಡುತ್ತಿತ್ತು. ಫ್ಲಿಕ್ ಬಂದ ಮೇಲೆ ಅದು ನೇರ ಮುಂದಕ್ಕೆ ಹೋಯಿತು. ರಫಿನ್ಯಾ ಅಂಚು ಬಿಟ್ಟು ಒಳಗೆ ಬಂದ, ಯಮಾಲ್ ಬಲ ಅಂಚಿನಲ್ಲಿ ಎದುರಿಗೆ ಒಬ್ಬನೇ ಡಿಫೆಂಡರ್ ಸಿಗುವಂತೆ ನಿಂತ. ಮೊದಲ ಋತುವಿನಲ್ಲೇ ಲೀಗ್‌ನ 38 ಪಂದ್ಯಗಳಲ್ಲಿ 102 ಗೋಲು. ಲೀಗ್, ಕೋಪಾ ದೆಲ್ ರೇ, ಸ್ಪ್ಯಾನಿಷ್ ಸೂಪರ್ ಕಪ್ ಮೂರೂ ಕೈಸೇರಿದವು.

ಹುಡುಗರನ್ನು ಆಡಿಸಿದ್ದು ಬರೀ ಆದರ್ಶಕ್ಕಾ? ಸುಮ್ನೆ ಹಾಗೆ ಹೇಳುವುದು ಚಂದ, ಆದರೆ ಜೇಬು ಖಾಲಿ ಇತ್ತು ಅನ್ನುವುದೇ ಮುಖ್ಯ ಸತ್ಯ. ಕ್ಲಬ್‌ನ ಸಾಲ ನೂರು ಕೋಟಿ ಯೂರೋ ದಾಟಿತ್ತು. ಲಾ ಲಿಗಾ ಪ್ರತಿ ಕ್ಲಬ್‌ಗೂ ಅದರ ಆದಾಯ ನೋಡಿ ಸಂಬಳದ ಮಿತಿ ಹಾಕುತ್ತದೆ. ಆ ಮಿತಿಯೊಳಗೆ ಕೂರಿಸಲಾಗದೆ 2021ರಲ್ಲಿ ಮೆಸ್ಸಿಯನ್ನೇ ಕಳಿಸಬೇಕಾಯಿತು. 2024ರಲ್ಲಿ ಲೈಪ್‌ಸಿಗ್‌ನಿಂದ ದೊಡ್ಡ ಮೊತ್ತ ಕೊಟ್ಟು ತಂದ ದಾನಿ ಓಲ್ಮೊ ಹೆಸರು ಡಿಸೆಂಬರ್ ಕೊನೆಗೆ ನೋಂದಣಿಯಿಂದ ಬಿದ್ದುಹೋಗಿ, ಜನವರಿಯಲ್ಲಿ ಸರ್ಕಾರದ ಕ್ರೀಡಾ ಮಂಡಳಿ ತಾತ್ಕಾಲಿಕ ಪರಿಹಾರ ಕೊಟ್ಟ ಮೇಲಷ್ಟೇ ಅವನು ಮತ್ತೆ ಆಡಿದ. ದುಡ್ಡು ಕೊಟ್ಟು ತಂದವನನ್ನೂ ಆಡಿಸಲಾಗದ ಮನೆಯಲ್ಲಿ ಮನೆ ಮಕ್ಕಳಿಗೆ ಬೆಲೆ ಬರುವುದು ಸಹಜ. ಪ್ಯಾರಿಸ್‌ನ ಪಿಎಸ್‌ಜಿ ಕೂಡ 2025ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ 19ರ ದೆಸಿರೆ ದುವೆಯನ್ನು ಮುಂದಿಟ್ಟುಕೊಂಡು ಇಂಟರ್ ಮಿಲಾನ್‌ಗೆ 5-0 ಬಾರಿಸಿತು. ಆದರೆ ದುವೆ ದುಡ್ಡು ಸುರಿದು ತಂದವನು. ಎರಡೂ ಯುವ ತಂಡವೇ, ಎರಡರ ಲೆಕ್ಕದ ಪುಸ್ತಕ ಬೇರೆ.

ಈಗ ನಾನು ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಫ್ಲಿಕ್ ಅವರ ಹುಡುಗರ ತಂಡ ಅಂತ ನಾವೆಲ್ಲ ಹಾಡಿ ಹೊಗಳುತ್ತೇವೆ. ಆ ಬರ್ನಬ್ಯೂ ರಾತ್ರಿಯ ಸಾಲನ್ನು ಮತ್ತೊಮ್ಮೆ ನೋಡಿ. ಕುಬಾರ್ಸಿ ಪಕ್ಕದಲ್ಲಿ ಇನ್ಯಿಗೊ ಮಾರ್ಟಿನೆಜ್ ಇದ್ದ. ವಯಸ್ಸು 33. ಹೆಚ್ಚು ವೇಗ ಇಲ್ಲ. ಹಿಂದಿನ ಬಯಲಿನಲ್ಲಿ ಎಂಬಾಪೆ ಜೊತೆ ಓಟಕ್ಕೆ ಬಿಟ್ಟರೆ ಹತ್ತು ಮೀಟರ್‌ಗೆ ಸೋಲುವವನು. ಆದರೆ ಆ ಸಾಲು ಯಾವಾಗ ಮುಂದೆ ಹೆಜ್ಜೆ ಇಡಬೇಕು ಅಂತ ಕೂಗಿ ಹೇಳುತ್ತಿದ್ದವನು ಅವನೇ. ಮುಂದಿನ ತುದಿಯಲ್ಲಿ 36ರ ಲೆವಾಂಡೊವ್‌ಸ್ಕಿ. ಗೋಲ್‌ಕೀಪರ್ ಟೆರ್ ಸ್ಟೇಗನ್ ಮಂಡಿಗೆ ಪೆಟ್ಟು ಬಿದ್ದು ಹೊರಗುಳಿದಾಗ ಕರೆತಂದದ್ದು ನಿವೃತ್ತಿ ಹೇಳಿ ಮನೆಯಲ್ಲಿದ್ದ 34ರ ಶೆಸ್ನಿಯನ್ನು. ಹುಡುಗರ ಮೆರವಣಿಗೆ ಹೌದು, ಆದರೆ ಪಲ್ಲಕ್ಕಿಯ ಮೂರು ಕಡೆ ಹೆಗಲು ಕೊಟ್ಟವರು ಹಿರಿಯರು.

ಶೆಸ್ನಿ ಕೊಟ್ಟ ಬೆಲೆಯೂ ನೆನಪಿರಲಿ. 2025ರ ಜನವರಿ 12ರಂದು ಜೆಡ್ಡಾದಲ್ಲಿ ನಡೆದ ಸೂಪರ್ ಕಪ್ ಫೈನಲ್. ಬಾರ್ಸಿಲೋನಾ ದೊಡ್ಡ ಅಂತರದಲ್ಲಿ ಮುಂದಿದೆ. ಎಂಬಾಪೆ ಸಾಲು ದಾಟಿ ಬಂದ. ತಡೆಯಲು ಹಿಂದೆ ಯಾರೂ ಇಲ್ಲ. ಶೆಸ್ನಿ ಪೆನಾಲ್ಟಿ ಬಾಕ್ಸ್ ಬಿಟ್ಟು ಓಡಿ ಬಂದು ಅವನನ್ನು ಕೆಡವಿ ರೆಡ್ ಕಾರ್ಡ್ ತಗೊಂಡ. ಪಂದ್ಯವನ್ನೇನೋ 5-2ರಿಂದ ಗೆದ್ದರು. ಆದರೆ ಸಾಲು ಅರ್ಧ ಹೆಜ್ಜೆ ತಪ್ಪಿದರೆ ಹಿಂದೆ ಉಳಿಯುವುದು ಒಬ್ಬ ಗೋಲ್‌ಕೀಪರ್ ಮಾತ್ರ ಅನ್ನುವುದು ಎಲ್ಲರಿಗೂ ಕಾಣಿಸಿತು.

2025ರ ಆಗಸ್ಟ್‌ನಲ್ಲಿ ಇನ್ಯಿಗೊ ಸೌದಿಯ ಅಲ್ ನಸ್ರ್‌ಗೆ ಹೋದ. ಸಂಬಳದ ಮಿತಿಯ ಲೆಕ್ಕದಲ್ಲಿ ಕ್ಲಬ್‌ಗೆ ಅನುಕೂಲವೇ ಆಯಿತು. ಮೈದಾನದಲ್ಲಿ ಏನಾಯಿತು? ಅಕ್ಟೋಬರ್ 5ರಂದು ಸೆವಿಯ್ಯಾ 4-1ರಿಂದ ಬಾರ್ಸಿಲೋನಾವನ್ನು ಕೆಡವಿತು. ಅದೇ ತಿಂಗಳ 26ಕ್ಕೆ ಬರ್ನಬ್ಯೂನಲ್ಲಿ 2-1 ಸೋಲು. ಬರೋಬ್ಬರಿ ಒಂದು ವರ್ಷದ ಹಿಂದೆ 8 ಸಲ ಬಲೆಗೆ ಬಿದ್ದಿದ್ದ ಎಂಬಾಪೆ ಈ ಸಲ ಗೋಲು ಹೊಡೆದ. ನವೆಂಬರ್ 5ಕ್ಕೆ ಬೆಲ್ಜಿಯಂನ ಕ್ಲಬ್ ಬ್ರೂಗ ಜೊತೆ 3-3. ಆ ಪಂದ್ಯದಲ್ಲಿ ಬ್ರೂಗ ಹುಡುಗರು ಸಾಲನ್ನು ದಾಟಿ ಓಡಿದ್ದನ್ನು ನೋಡಿದರೆ, ಬಾಗಿಲು ತೆಗೆದಿಟ್ಟ ಮನೆಗೆ ನೆಂಟರು ಬಂದಂತಿತ್ತು.

ಇನ್ಯಿಗೊ ಹೋದದ್ದೊಂದೇ ಕಾರಣ ಅನ್ನುವುದು ತಪ್ಪಾಗುತ್ತದೆ. ಮುಂದಿನ ಸಾಲಿನ ಪ್ರೆಸ್ಸಿಂಗ್, ಅಂದರೆ ಚೆಂಡು ಹಿಡಿದವನ ಮೇಲೆ ಮುಗಿಬೀಳುವುದು, ಸಡಿಲವಾಗಿತ್ತು. ರಫಿನ್ಯಾ ಗಾಯಗೊಂಡು ವಾರಗಟ್ಟಲೆ ಹೊರಗಿದ್ದ, ಅವನಿಲ್ಲದಾಗ ಚೆಂಡು ಹಿಡಿದವನಿಗೆ ತಲೆ ಎತ್ತಲು ಸಮಯ ಸಿಕ್ಕಿತು. ಎದುರಾಳಿಗಳೂ ಪಾಠ ಕಲಿತಿದ್ದರು. ಮೊದಲ ಓಟಗಾರ ಬೇಕಂತಲೇ ಆಫ್‌ಸೈಡ್‌ನಲ್ಲಿ ಓಡುತ್ತಾನೆ, ಚೆಂಡು ಮುಟ್ಟುವುದಿಲ್ಲ. ಹಿಂದಿನಿಂದ ಬಂದ ಎರಡನೆಯವನು ಚೆಂಡು ಹಿಡಿಯುತ್ತಾನೆ. ಒಂದು ಹೆಜ್ಜೆಯ ಉಪಾಯಕ್ಕೆ ಎರಡು ಓಟದ ಪ್ರತ್ಯುಪಾಯ. ಹುಡುಗರಿಗೆ ಇದು ಕಷ್ಟ. ಒಂದೇ ಪಾಠ ಚೆನ್ನಾಗಿ ಕಲಿತವನಿಗೆ ಪ್ರಶ್ನೆಪತ್ರಿಕೆ ಬದಲಾದ ಹಾಗೆ.

ಫ್ಲಿಕ್ 2025ರ ಅದೇ ಆಗಸ್ಟ್ ಕೊನೆಯಲ್ಲಿ, ರಾಯೊ ವಾಯೆಕಾನೊ ಜೊತೆಗಿನ ಡ್ರಾ ಮುಗಿದ ಮೇಲೆ, ಅಹಂಕಾರ ಗೆಲುವನ್ನು ಕೊಲ್ಲುತ್ತದೆ ಅನ್ನುವ ಅರ್ಥದ ಮಾತು ಆಡಿದ್ದರು. ಯಾರನ್ನೂ ಹೆಸರಿಸಲಿಲ್ಲ. ಶಿಸ್ತಿನ ವಿಷಯದಲ್ಲಿ ಅವರು ಹಳೇ ಕಾಲದ ಮೇಷ್ಟ್ರು. ತಡವಾಗಿ ಬಂದದ್ದಕ್ಕೆ ಜೂಲ್ ಕೂಂಡೆಯಂಥ ಖಾಯಂ ಆಟಗಾರನನ್ನೇ ಬೆಂಚ್‌ನಲ್ಲಿ ಕೂರಿಸಿದ್ದಾರೆ. ಮೊದಲು ನನಗೆ ಇದು ಅತಿ ಅನ್ನಿಸಿತ್ತು. ಆಮೇಲೆ ಹೊಳೆಯಿತು, ಅವರ ಆಟವೇ ಗಡಿಯಾರದ ಆಟ. ಅರ್ಧ ಸೆಕೆಂಡ್ ತಡವಾದರೆ ಗೋಲು ಬೀಳುವ ಸಾಲನ್ನು ನಡೆಸುವವನು ಐದು ನಿಮಿಷ ತಡವಾದವನನ್ನು ನೋಡಿ ನಗಲು ಆಗುತ್ತದಾ?

ಮೈಗಳ ವಿಷಯ ಬೇರೆ. ಇಲ್ಲಿ ನನಗೆ ಸಮಾಧಾನ ಇಲ್ಲ. ಬಾರ್ಸಿಲೋನಾದ ಹುಡುಗರ ಪಟ್ಟಿ ತೆಗೆದರೆ ಅದರ ಪಕ್ಕದಲ್ಲೇ ಆಸ್ಪತ್ರೆ ಪಟ್ಟಿ ಇದೆ. ಅನ್ಸು ಫಾತಿ 18ರಲ್ಲಿ ಮಂಡಿ ಕೆಡಿಸಿಕೊಂಡು ಮತ್ತೆ ಹಳೆಯ ಫಾತಿ ಆಗಲೇ ಇಲ್ಲ. ಪೆದ್ರಿ 2020-21ರಲ್ಲಿ ಕ್ಲಬ್, ಯೂರೋ, ಒಲಿಂಪಿಕ್ಸ್ ಎಲ್ಲಾ ಸೇರಿ 70ಕ್ಕೂ ಹೆಚ್ಚು ಪಂದ್ಯ ಆಡಿ, ಆಮೇಲೆ ವರ್ಷಗಟ್ಟಲೆ ತೊಡೆಯ ಸ್ನಾಯುವಿನ ಕಾಟ ಅನುಭವಿಸಿದ. ಗಾವಿ 19ರಲ್ಲಿ ಸ್ಪೇನ್ ಪರ ಆಡುವಾಗ ಮಂಡಿಯ ಲಿಗಮೆಂಟ್ ಹರಿದುಕೊಂಡ. ಇವೆಲ್ಲ ಫ್ಲಿಕ್ ಬರುವ ಮುಂಚಿನವು. ಆದರೆ ಅವರ ಮೊದಲ ಋತುವಿನ ಮೊದಲ ತಿಂಗಳಲ್ಲೇ 17ರ ಮಾರ್ಕ್ ಬೆರ್ನಾಲ್ ಲೀಗ್‌ನ ಮೊದಲ ಮೂರು ಪಂದ್ಯಕ್ಕೂ ಇಳಿದು, ಮೂರನೆಯದರ ಕೊನೆಯಲ್ಲಿ ಮಂಡಿ ಹಿಡಿದು ಕೂತ. ಮರಳಿ ಬರಲು ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು.

ಯಮಾಲ್ 18 ತುಂಬುವ ಮೊದಲೇ ಕ್ಲಬ್‌ಗೆ 100 ಪಂದ್ಯ ಆಡಿ ಮುಗಿಸಿದ್ದ. 2025ರ ಸೆಪ್ಟೆಂಬರ್‌ನಲ್ಲಿ ಸ್ಪೇನ್ ತಂಡ ಅವನಿಗೆ ನೋವಿನ ಮಾತ್ರೆ ಕೊಟ್ಟು ಆಡಿಸಿತು ಅಂತ ಫ್ಲಿಕ್ ಬಹಿರಂಗವಾಗಿಯೇ ಸಿಟ್ಟಾದರು. ಸಿಟ್ಟು ನ್ಯಾಯವೇ. ಆದರೆ ಪ್ರತಿ ಮೂರು ದಿನಕ್ಕೊಂದು ಪಂದ್ಯದಲ್ಲಿ ಚೆಂಡು ಕಳೆದ ಕೂಡಲೇ ಓಡಿ ಮುತ್ತಿಗೆ ಹಾಕು ಅನ್ನುವ ಆಟ ಯಾರದ್ದು? ಪೆದ್ರಿ 2024-25ರಲ್ಲಿ ಹೆಚ್ಚುಕಡಿಮೆ ಇಡೀ ಋತು ನಿಂತು ಆಡಿದ್ದನ್ನು ನೋಡಿದರೆ ಫ್ಲಿಕ್ ಬಳಗದ ಫಿಟ್ನೆಸ್ ಕೆಲಸ ಚೆನ್ನಾಗಿದೆ ಅನ್ನಲೇಬೇಕು. ಆದರೂ ಹದಿನೆಂಟರ ಮೂಳೆ ಹದಿನೆಂಟರದ್ದೇ.

ಇಷ್ಟೆಲ್ಲ ಹೇಳಿ, ಒಬ್ಬನ ಕಥೆ ಬಿಟ್ಟರೆ ಈ ಲೇಖನ ಅರ್ಧ. ಜೆರಾರ್ಡ್ ಮಾರ್ಟಿನ್. ಇವನು ಯಮಾಲ್ ತರಹ ಹುಟ್ಟು ಪ್ರತಿಭೆ ಅಲ್ಲ. 2023ರವರೆಗೆ ಕೊರ್ನೆಯ್ಯಾ ಎಂಬ ಸಣ್ಣ ಕ್ಲಬ್‌ನಲ್ಲಿ ಮೂರನೇ ಹಂತದ ಫುಟ್‌ಬಾಲ್ ಆಡುತ್ತಿದ್ದ. 2025ರ ಮೇ 6ರಂದು ಮಿಲಾನ್‌ನಲ್ಲಿ ಇಂಟರ್ ಎದುರು ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡನೇ ಪಂದ್ಯ. ಮೊದಲನೆಯದು 3-3. ಬಾಲ್ಡೆಗೆ ಗಾಯ, ಕೂಂಡೆಗೂ ಗಾಯ. ಎಡ ಬದಿಗೆ ಮಾರ್ಟಿನ್ ಇಳಿದ. ಅರ್ಧ ಪಂದ್ಯಕ್ಕೆ 0-2. ಆಮೇಲೆ ಅವನು ಎಡದಿಂದ ಎತ್ತಿ ಕೊಟ್ಟ ಚೆಂಡಿಗೆ ಎರಿಕ್ ಗಾರ್ಸಿಯಾ ಗೋಲು. ಮತ್ತೆ ಅವನದೇ ಕ್ರಾಸ್, ಓಲ್ಮೊ ಹೆಡ್ಡರ್. 2-2. 87ನೇ ನಿಮಿಷಕ್ಕೆ ರಫಿನ್ಯಾ ಹೊಡೆದು 3-2. ಫೈನಲ್ ಆರು ನಿಮಿಷ ದೂರ.

93ನೇ ನಿಮಿಷ. ಚೆಂಡು ಮಾರ್ಟಿನ್ ಕಾವಲಿನ ಬದಿಗೇ ಬಂತು. ಇಂಟರ್‌ನ ಡುಂಫ್ರೀಸ್ ಅವನನ್ನು ಮೀರಿ ನುಗ್ಗಿದ, ಮಾರ್ಟಿನ್ ನೆಲಕ್ಕೆ ಬಿದ್ದ, ಫೌಲ್ ಅಂತ ನೋಡಿದ, ರೆಫರಿ ಸೀಟಿ ಊದಲಿಲ್ಲ. ಅಡ್ಡಕ್ಕೆ ಬಂದ ಚೆಂಡನ್ನು ಬಲೆಯ ಮೇಲ್ಭಾಗಕ್ಕೆ ಹೊಡೆದವನು ಫ್ರಾನ್ಸೆಸ್ಕೊ ಅಚೆರ್ಬಿ. ಸೆಂಟರ್ ಬ್ಯಾಕ್, ವಯಸ್ಸು 37. ಡಿಫೆಂಡರ್ ಆಗಿದ್ದವನು ಬೇರೆ ದಾರಿ ಕಾಣದೆ ಸ್ಟ್ರೈಕರ್ ಜಾಗಕ್ಕೆ ಬಂದು ನಿಂತಿದ್ದ. ಹೆಚ್ಚುವರಿ ಸಮಯದಲ್ಲಿ ಫ್ರಾಟ್ಟೆಸಿ ಇನ್ನೊಂದು ಹೊಡೆದು ಎರಡೂ ಪಂದ್ಯ ಸೇರಿ ಲೆಕ್ಕ ಇಂಟರ್ ಪರ 7-6 ಆಯಿತು.

ಒಂದು ಗೋಲು ಮುಂದಿದ್ದಾಗ ಕೊನೆಯ ಆರು ನಿಮಿಷ ಚೆಂಡನ್ನು ಮೂಲೆಗೆ ಒಯ್ದು ಸಮಯ ಕೊಲ್ಲುವುದು ಹಿರಿಯರ ವಿದ್ಯೆ. ಬಾರ್ಸಿಲೋನಾದ ಹುಡುಗರು ಆಗಲೂ ನಾಲ್ಕನೇ ಗೋಲಿಗೆ ಓಡುತ್ತಿದ್ದರು. ಯಮಾಲ್ ಹೊಡೆದ ಒಂದು ಚೆಂಡು ಗೋಲುಕಂಬಕ್ಕೇ ತಾಗಿತು. ಐದು ದಿನ ಬಿಟ್ಟು ರಿಯಲ್ ಮ್ಯಾಡ್ರಿಡ್ ಎದುರು ಮತ್ತೆ ಅದೇ ಮಾಡಿದರು: ಮೊದಲು 0-2 ಹಿಂದೆ, ಎಂಬಾಪೆಗೆ ಹ್ಯಾಟ್ರಿಕ್, ಆದರೂ 4-3ರಿಂದ ಗೆಲುವು, ಲೀಗ್ ಹೆಚ್ಚುಕಡಿಮೆ ಕೈಯಲ್ಲಿ. ಮಿಲಾನ್‌ನ ಪೆಟ್ಟಿನ ಮೇಲೂ ಫ್ಲಿಕ್ ಸಾಲನ್ನು ಒಂದು ಮೀಟರ್ ಕೂಡ ಹಿಂದಕ್ಕೆ ಎಳೆಯಲಿಲ್ಲ.

ಮುಂದೆ ಬಾರ್ಸಿಲೋನಾ ಪಂದ್ಯ ನೋಡುವಾಗ ಒಂದು ಕೆಲಸ ಮಾಡಿ. ಎದುರಾಳಿ ಚೆಂಡು ಹಿಡಿದಾಗ ಚೆಂಡನ್ನು ನೋಡಬೇಡಿ, ಕುಬಾರ್ಸಿಯನ್ನು ನೋಡಿ. ಇನ್ಯಿಗೊ ಇದ್ದಾಗ ಅವನು ಪಕ್ಕಕ್ಕೆ ಕತ್ತು ತಿರುಗಿಸಿ ಹೆಜ್ಜೆ ಇಡುತ್ತಿದ್ದ. ಈಗ ಪಕ್ಕದವನು ಎರಿಕ್ ಗಾರ್ಸಿಯಾ ಇರಬಹುದು, ಅರಾವ್ಹೊ ಇರಬಹುದು, ಎಡ ಬದಿಯಿಂದ ಮಧ್ಯಕ್ಕೆ ಬಂದ ಅದೇ ಜೆರಾರ್ಡ್ ಮಾರ್ಟಿನ್ ಕೂಡ ಇರಬಹುದು. ಅವರು ಕುಬಾರ್ಸಿ ಕಡೆ ನೋಡುತ್ತಿದ್ದಾರಾ, ಅಥವಾ ಅವನೇ ಇನ್ನೂ ಯಾರನ್ನೋ ಹುಡುಕುತ್ತಿದ್ದಾನಾ?